ಐವತ್ತು ರೂಪಾಯಿಯ ಮಗು



ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ಹಣ ಮತ್ತು ಬ್ಯಾಂಕಿಂಗ್ ಎಂಬ ಅಧ್ಯಾಯವಿದೆ. ಹಣದ ಕಾರ್ಯಗಳನ್ನು ಬರೆಯಿರಿ ಎಂದರೆ ನಾವೆಲ್ಲ ಕಣ್ಣು ಮುಚ್ಚಿ ಬರೆಯುತ್ತೇವೆ: ವಿನಿಮಯದ ಮಾಧ್ಯಮ, ಮೌಲ್ಯದ ಅಳತೆಗೋಲು, ಮೌಲ್ಯದ ಸಂಗ್ರಹ. ಮುಖಬೆಲೆ ಮತ್ತು ಆಂತರಿಕ ಮೌಲ್ಯದ ವ್ಯತ್ಯಾಸವನ್ನೂ ಬರೆಯುತ್ತೇವೆ. ಈ ಲೇಖನದಲ್ಲಿ ಅದೇ ಅಧ್ಯಾಯವನ್ನು ಒಂದೇ ಒಂದು ನಾಣ್ಯದ ಮೇಲೆ ಇಟ್ಟು ಓದಿದ್ದೇನೆ. ಅದು 1979ರ ಐವತ್ತು ರೂಪಾಯಿಯ ಬೆಳ್ಳಿ ನಾಣ್ಯ. ಮಸ್ಕಿಯಲ್ಲಿರುವ ನನ್ನ ಫುಪ್ಪಿಯ, ಅಂದರೆ ಸೋದರತ್ತೆಯ, ತಗಡಿನ ಪೆಟ್ಟಿಗೆಯಲ್ಲಿ ಅದು ಇದೆ.

ಮೊದಲು ನಾಣ್ಯದ ಹಿನ್ನೆಲೆ ನೋಡೋಣ. ವಿಶ್ವಸಂಸ್ಥೆ 1959ರ ನವೆಂಬರ್ 20ರಂದು ಮಕ್ಕಳ ಹಕ್ಕುಗಳ ಘೋಷಣೆ ಹೊರಡಿಸಿತು. ಅದಕ್ಕೆ ಇಪ್ಪತ್ತು ವರ್ಷ ತುಂಬಿದಾಗ 1979ನ್ನು ಅಂತರರಾಷ್ಟ್ರೀಯ ಮಕ್ಕಳ ವರ್ಷ ಎಂದು ಆಚರಿಸಲಾಯಿತು. ಭಾರತ ಸರ್ಕಾರ ಆ ವರ್ಷ ನಾಲ್ಕು ನಾಣ್ಯಗಳನ್ನು ತಂದಿತು. 5 ಪೈಸೆ ಮತ್ತು 10 ಪೈಸೆ ಅಲ್ಯೂಮಿನಿಯಂನವು, 10 ರೂಪಾಯಿಯದು ತಾಮ್ರ-ನಿಕ್ಕಲ್, 50 ರೂಪಾಯಿಯದು ಬೆಳ್ಳಿ. ಇವುಗಳ ಮೇಲೆ ಮಕ್ಕಳ ವರ್ಷದ ಲಾಂಛನವಿದೆ: ಎಲೆಗಳ ಹಾರದ ನಡುವೆ ದೊಡ್ಡವರ ತೋಳಿನಲ್ಲಿ ಒಂದು ಮಗು. ಬೆಳ್ಳಿಯದರ ಮೇಲೆ ಇಂಗ್ಲಿಷಿನಲ್ಲಿ 'ಹ್ಯಾಪಿ ಚೈಲ್ಡ್ ನೇಷನ್ಸ್ ಪ್ರೈಡ್' ಎಂದಿದೆ. ಸಂತೋಷವಾಗಿರುವ ಮಗು ದೇಶದ ಹೆಮ್ಮೆ ಎಂದು ಅರ್ಥ.

ಇನ್ನೊಂದು ಮುಖದಲ್ಲಿ ಎಲ್ಲ ಭಾರತೀಯ ನಾಣ್ಯಗಳಲ್ಲಿರುವಂತೆ ಅಶೋಕನ ಸಿಂಹಗಳು. ಇಲ್ಲಿ ಮಸ್ಕಿಯವರು ಸ್ವಲ್ಪ ಎದೆಯುಬ್ಬಿಸಬಹುದು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಎಂಬವರು ಮಸ್ಕಿಯ ಬೆಟ್ಟದಲ್ಲಿ ಒಂದು ಶಾಸನ ಕಂಡರು. ಅಲ್ಲಿಯವರೆಗೆ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದು ಸಿಗುತ್ತಿತ್ತು, ಆ ರಾಜ ಅಶೋಕನೇ ಎಂದು ಖಚಿತವಾಗಿ ಹೇಳುವ ಹೆಸರು ಸಿಕ್ಕಿರಲಿಲ್ಲ. ಆ ಹೆಸರು ಮಸ್ಕಿಯ ಕಲ್ಲಿನ ಮೇಲಿತ್ತು. ಅವನ ಕಾಲದ ಬೆಳ್ಳಿ ನಾಣ್ಯಗಳಲ್ಲಿ ಕೂಡ ಹೆಸರಿಲ್ಲ. ಸೂರ್ಯ, ಬೆಟ್ಟ, ಮರದಂಥ ಮುದ್ರೆಗಳಷ್ಟೇ ಇವೆ. ಈಗ ನಮ್ಮ ಜೇಬಿನ ಪ್ರತಿ ರೂಪಾಯಿಯ ಮೇಲೂ ಅವನ ಸಿಂಹಗಳಿವೆ.

ಈ ನಾಲ್ಕು ನಾಣ್ಯಗಳಲ್ಲಿ ಮಕ್ಕಳ ಕೈಗೆ ನಿಜವಾಗಿ ಹೋದದ್ದು ಯಾವುದು? ಐದು ಪೈಸೆ, ಹತ್ತು ಪೈಸೆ. ಮೂಲೆ ದುಂಡಾದ ಚೌಕದ ಐದು ಪೈಸೆ, ಅಂಚು ಹೂವಿನಂತಿದ್ದ ಹತ್ತು ಪೈಸೆ. ಪೆಪ್ಪರ್‌ಮೆಂಟು ಕೊಂಡದ್ದು ಅವುಗಳಿಂದ, ಚಿತ್-ಪಟ್ ಎಂದು ಚಿಮ್ಮಿದ್ದು ಅವುಗಳನ್ನು, ಕಾಗದದ ಕೆಳಗಿಟ್ಟು ಪೆನ್ಸಿಲ್ ಉಜ್ಜಿ ಚಿತ್ರ ತೆಗೆದದ್ದೂ ಅವುಗಳದ್ದೇ ಎಂದು ಅಬ್ಬಾ ಹೇಳುತ್ತಾರೆ. ಬೆಳ್ಳಿಯ ಮಗು ಡಬ್ಬಿಯಲ್ಲಿ ಕುಳಿತಿತ್ತು, ಅಲ್ಯೂಮಿನಿಯಂ ಮಗು ಓಣಿಯಲ್ಲಿ ಆಡುತ್ತಿತ್ತು. ಆದರೆ ಕಾನೂನಿನಲ್ಲಿ ಈಗ ಇದು ತಲೆಕೆಳಗಾಗಿದೆ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳನ್ನು 2011ರ ಜೂನ್ 30ರಿಂದ ಚಲಾವಣೆಯಿಂದ ತೆಗೆಯಲಾಯಿತು. ಹಾಗಾಗಿ ಓಣಿಯ ಮಗು ಹಣವಲ್ಲ, ಡಬ್ಬಿಯ ಮಗು ಹಣ.

ಈಗ ಬೆಳ್ಳಿಯ ಲೆಕ್ಕ. ಇದು ನನಗೆ ಬಹಳ ಇಷ್ಟವಾದ ಭಾಗ, ದಯವಿಟ್ಟು ಬಿಟ್ಟು ಓದಬೇಡಿ.

ಐವತ್ತು ರೂಪಾಯಿಯ ಈ ನಾಣ್ಯ ಸುಮಾರು 35 ಗ್ರಾಂ ತೂಗುತ್ತದೆ. ಅದರಲ್ಲಿ ಅರ್ಧ ಮಾತ್ರ ಬೆಳ್ಳಿ, ಅಂದರೆ 17.5 ಗ್ರಾಂ. ಆಮೇಲೆ ಸರ್ಕಾರ ಹೊರಡಿಸಿದ ಅನೇಕ ಸ್ಮರಣಾರ್ಥ ನಾಣ್ಯಗಳದ್ದೂ ಇದೇ ಅಳತೆಯಾಗಿತ್ತು. 2023ರಲ್ಲಿ ಹೊಸ ಸಂಸತ್ ಭವನಕ್ಕಾಗಿ ಬಂದ 75 ರೂಪಾಯಿ ನಾಣ್ಯ 35 ಗ್ರಾಂ, 44 ಮಿಲಿಮೀಟರ್ ಅಗಲ. ನೂರು ಭಾಗದಲ್ಲಿ 50 ಬೆಳ್ಳಿ, 40 ತಾಮ್ರ, 5 ನಿಕ್ಕಲ್, 5 ಸತು. 'ಬೆಳ್ಳಿ ನಾಣ್ಯ' ಎಂದು ಕೇಳಿದ ತಕ್ಷಣ ಪೂರ್ತಿ ಬೆಳ್ಳಿ ಎಂದುಕೊಳ್ಳುವುದು ಸರಿಯಲ್ಲ.

ಇದನ್ನು ಹಳೆಯ ಒಂದು ರೂಪಾಯಿಯ ಜೊತೆ ಹೋಲಿಸಿ. ಬ್ರಿಟಿಷರ ಕಾಲದ ರೂಪಾಯಿ ಸರಿಯಾಗಿ ಒಂದು ತೊಲ, 11.66 ಗ್ರಾಂ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ 10.69 ಗ್ರಾಂ. 17.5ನ್ನು 10.69ರಿಂದ ಭಾಗಿಸಿದರೆ 1.6 ಬರುತ್ತದೆ. ಐವತ್ತು ರೂಪಾಯಿ ಎಂದು ಬರೆದ ನಾಣ್ಯದಲ್ಲಿರುವುದು ಹಳೆಯ ಒಂದೂವರೆ ರೂಪಾಯಿಗಿಂತ ಸ್ವಲ್ಪ ಹೆಚ್ಚು ಬೆಳ್ಳಿ! ಹಾಗಾದರೆ ಮೇಲಿನ ಐವತ್ತು ಎಂಬ ಅಂಕೆ ಎಲ್ಲಿಂದ ಬಂತು? ಸರ್ಕಾರದ ಮಾತಿನಿಂದ ಬಂತು. ಪುಸ್ತಕದಲ್ಲಿ ಫಿಯಟ್ ಹಣ ಎಂದು ಓದುತ್ತೇವಲ್ಲ, ಅದು ಇದೇ. ಮರುವರ್ಷ, 1980ರಲ್ಲಿ, ಗ್ರಾಮೀಣ ಮಹಿಳೆಯರ ಪ್ರಗತಿಯ ಹೆಸರಿನಲ್ಲಿ ಇದೇ ತೂಕದ, ಇದೇ ಅರ್ಧ ಬೆಳ್ಳಿಯ ನಾಣ್ಯ ಬಂದಾಗ ಅದರ ಮೇಲೆ 100 ರೂಪಾಯಿ ಎಂದು ಬರೆದಿತ್ತು. ಆ ಎರಡು ನಾಣ್ಯಗಳ ನಡುವೆ, 1980ರ ಜನವರಿಯಲ್ಲಿ, ಬೆಳ್ಳಿಯ ಬೆಲೆ ಅಮೆರಿಕದ ಮಾರುಕಟ್ಟೆಯಲ್ಲಿ ಔನ್ಸಿಗೆ 50 ಡಾಲರ್ ಹತ್ತಿರ ಏರಿ, ಮಾರ್ಚ್ ತಿಂಗಳಲ್ಲಿ ಧಡ್ಡೆಂದು ಬಿತ್ತು. ಬೆಲೆ ಏರಿದ್ದೂ ಬಿದ್ದದ್ದೂ ನಾಣ್ಯದ ಒಳಗಿನ ಬೆಳ್ಳಿಗೆ; ಮೇಲೆ ಬರೆದ ಅಂಕೆಗೆ ಅದರ ಬಿಸಿ ತಟ್ಟಲಿಲ್ಲ.

ನಮ್ಮ ಭಾಗಕ್ಕೆ ಮಾತ್ರ ಸೇರಿದ ಇನ್ನೊಂದು ಲೆಕ್ಕವಿದೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಎಲ್ಲವೂ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಇಲ್ಲಿ ಓಡುತ್ತಿದ್ದದ್ದು ಚಾರ್‌ಮಿನಾರ್ ಚಿತ್ರವಿದ್ದ ಹಾಲಿ ಸಿಕ್ಕಾ. ಬ್ರಿಟಿಷ್ ರೂಪಾಯಿಗೆ ನಮ್ಮ ಹಿರಿಯರು ಕಲ್ದಾರ್ ಎನ್ನುತ್ತಿದ್ದರು. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. ಲಿಂಗಸುಗೂರಿನ ನನ್ನ ನಾನಿಗೆ ಈ ಲೆಕ್ಕ ಇವತ್ತಿಗೂ ನೆನಪಿದೆ, ಅವರ ಅಬ್ಬಾ ಹೇಳಿಕೊಟ್ಟದ್ದಂತೆ. ಯಾಕೆ ಏಳಕ್ಕೆ ಆರು ಎಂದು ಕೇಳಿದರೆ "ಸರ್ಕಾರೀ ಹಿಸಾಬ್" ಎಂದು ನಕ್ಕುಬಿಡುತ್ತಾರೆ. ನಾನು ಕೂಡಿಸಿ ನೋಡಿದೆ. 1940ರ ದಶಕದಲ್ಲಿ ಬೆಳ್ಳಿ ಕಡಿಮೆ ಮಾಡುವುದಕ್ಕೆ ಮೊದಲಿನ ಹಾಲಿ ಸಿಕ್ಕಾ 11.18 ಗ್ರಾಂ, ಸಾವಿರ ಪಾಲಿನಲ್ಲಿ 818 ಪಾಲು ಬೆಳ್ಳಿ. ಒಂದರಲ್ಲಿ 9.14 ಗ್ರಾಂ ಬೆಳ್ಳಿ ಬಂತು. ಏಳು ಹಾಲಿಗೆ 64 ಗ್ರಾಂ. ಆರು ಕಲ್ದಾರ್‌ಗೆ 10.69ರಂತೆ 64.1 ಗ್ರಾಂ. ಎರಡೂ ಒಂದೇ! ವಿನಿಮಯ ದರ ಎಂದು ನಾವು ಡಾಲರ್-ರೂಪಾಯಿ ಉದಾಹರಣೆ ಓದುತ್ತೇವೆ. ನಮ್ಮ ನಾನಿಯ ಬಾಯಲ್ಲೇ ಒಂದು ವಿನಿಮಯ ದರವಿತ್ತು, ಅದರ ಕೆಳಗೆ ಬೆಳ್ಳಿಯ ತಕ್ಕಡಿ ಇತ್ತು. ಭಾರತದ ರೂಪಾಯಿ ಬಂದ ಮೇಲೂ ಹಾಲಿ ಸಿಕ್ಕಾ ಕೆಲವು ವರ್ಷ ಉಳಿಯಿತು, 1959ರಲ್ಲಿ ಪೂರ್ತಿ ರದ್ದಾಯಿತು. ಆಮೇಲೆ ನಮ್ಮ ಕಡೆ ಎಷ್ಟೋ ಹಾಲಿ ಸಿಕ್ಕಾಗಳು ಕರಗಿ ಕಾಲ್ಗೆಜ್ಜೆ, ಉಡದಾರ ಆಗಿವೆ. ನಾನಿಯ ಪಾಯಲ್ ಕೂಡ ಹಾಗೆ ಆದದ್ದೇ.

ಮಕ್ಕಳಿಗೂ ಬೆಳ್ಳಿಗೂ ನಮ್ಮ ಮನೆಗಳಲ್ಲಿ ಹಳೆಯ ನಂಟಿದೆ. ಅಕೀಕಾ ದಿನ ಮಗುವಿನ ತಲೆಗೂದಲು ತೆಗೆದು, ಅದರ ತೂಕದ ಬೆಳ್ಳಿಯನ್ನು ಬಡವರಿಗೆ ಸದಕಾ ಕೊಡುತ್ತಾರೆ. ಕೂದಲು ತೂಗುವ ತಕ್ಕಡಿ ಮನೆಯಲ್ಲಿ ಇರುವುದಿಲ್ಲ, ಅಂದಾಜಿನಲ್ಲಿ ಹೆಚ್ಚೇ ಕೊಡುತ್ತಾರೆ. ಫುಪ್ಪಿ ಹುಟ್ಟಿದ್ದು 1979ರಲ್ಲಿ. ನಮ್ಮ ದಾದಾ ಆಗ ಒಂದು ಕಚೇರಿಯಲ್ಲಿ ಜವಾನರಾಗಿದ್ದರು. ಅಲ್ಲಿಂದ ವರ್ಗವಾಗಿ ಹೊರಟ ಸಾಹೇಬರೊಬ್ಬರು ಮಗುವಿಗೆ ಎಂದು ಈ ನಾಣ್ಯ ಕೊಟ್ಟರು. ಅಂದಿನಿಂದ ಅದು ಫುಪ್ಪಿಯದ್ದು.

ಈ ವರ್ಷ ಫುಪ್ಪಿಯ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತು. ಮೊದಲ ಕಂತು 18,000 ರೂಪಾಯಿ, ಹತ್ತು ದಿನದಲ್ಲಿ ಕಟ್ಟಬೇಕು. ಆಗ ಪೆಟ್ಟಿಗೆ ತೆರೆದು ನಾಣ್ಯವನ್ನು ನನ್ನ ಕೈಗೆ ಕೊಟ್ಟು, "ತೂ ಕಾಮರ್ಸ್ ಪಡ್ತಾ ನಾ, ಕಿತ್ತಾ ಆತಾ ದೇಖ್‌ಕೆ ಬೋಲ್" ಅಂದರು. ವಾಣಿಜ್ಯ ಓದುವ ನೀನು ಇದಕ್ಕೆ ಎಷ್ಟು ಬರುತ್ತದೆ ನೋಡಿ ಹೇಳು ಎಂದು.

ಉತ್ತರ ಒಂದಲ್ಲ, ನಾಲ್ಕು ಸಿಕ್ಕವು. ಒಂದು, ಮುಖಬೆಲೆ: 50 ರೂಪಾಯಿ. ಕಾನೂನಿನ ಪ್ರಕಾರ ಅಂಗಡಿಯಲ್ಲಿ ಕೊಟ್ಟರೆ ಇಷ್ಟೇ. ಎರಡನೆಯದು ಲೋಹದ ಬೆಲೆ. ಬೆಳ್ಳಿಯ ದರ ದಿನಾ ಬದಲಾಗುತ್ತದೆ; ಲೆಕ್ಕ ಸುಲಭವಾಗಲಿ ಎಂದು ಗ್ರಾಂಗೆ 100 ರೂಪಾಯಿ ಹಿಡಿದರೆ 1,750 ರೂಪಾಯಿ. ದರ ಇದರ ಎರಡರಷ್ಟಾದರೂ 3,500 ದಾಟುವುದಿಲ್ಲ. ಬೆಳ್ಳಿ ಅಂಗಡಿಯ ಹಿರಿಯರು ಕಲ್ಲಿನ ಮೇಲೆ ಉಜ್ಜಿ ನೋಡಿ ಹೇಳಿದ್ದೂ ಅದನ್ನೇ: "ಅಮ್ಮಾರ, ಇದು ಪೂರಾ ಬೆಳ್ಳಿ ಅಲ್ರಿ. ಅರ್ಧಾ ಬ್ಯಾರೆ ಲೋಹ ಐತಿ. ಕರಗಿಸಿದ್ರ ಎಷ್ಟ್ ಬೆಳ್ಳಿ ಬರ್ತೈತೋ ಅಷ್ಟಕ್ಕ ರೊಕ್ಕ ಕೊಡ್ತೀನಿ."

'ಕರಗಿಸಿದ್ರ' ಎಂಬ ಮಾತಿನಲ್ಲಿ ಒಂದು ತೊಡಕಿದೆ. 2011ರ ನಾಣ್ಯ ಅಧಿನಿಯಮದ ಪ್ರಕಾರ ನಾಣ್ಯವನ್ನು ಕರಗಿಸುವುದು, ನಾಶ ಮಾಡುವುದು ಅಪರಾಧ. ಏಳು ವರ್ಷದವರೆಗೆ ಜೈಲು ಶಿಕ್ಷೆಯಿದೆ. ಸ್ಮರಣಾರ್ಥ ನಾಣ್ಯವೂ ಆ ಕಾನೂನಿನ ಕಣ್ಣಿನಲ್ಲಿ ನಾಣ್ಯವೇ. ಅಂದರೆ ಈ ನಾಣ್ಯದ ಒಳಗೆ 17.5 ಗ್ರಾಂ ಬೆಳ್ಳಿ ಇದೆ, ಆದರೆ ಕಾನೂನು ಮುರಿಯದೆ ಅದನ್ನು ಹೊರಗೆ ತೆಗೆಯಲು ಆಗುವುದಿಲ್ಲ! ಹಾಲಿ ಸಿಕ್ಕಾಕ್ಕೆ ಈ ತೊಡಕಿಲ್ಲ, ಅದು ಈಗ ಕಾನೂನುಬದ್ಧ ಹಣವಲ್ಲ. 'ಆಂತರಿಕ ಮೌಲ್ಯ' ಎಂದು ಉತ್ತರಪತ್ರಿಕೆಯಲ್ಲಿ ಬರೆಯುವಾಗ ನನಗೆ ಇನ್ನು ಮೇಲೆ ಈ ನಾಣ್ಯವೇ ನೆನಪಾಗುತ್ತದೆ. ಮೌಲ್ಯ ಒಳಗಿದೆ, ಬಾಗಿಲಿಗೆ ಬೀಗ.

ಮೂರನೆಯದು ಸಂಗ್ರಾಹಕರ ಬೆಲೆ. ಇದು ಎಷ್ಟು ನಾಣ್ಯ ಉಳಿದಿವೆ, ಎಷ್ಟು ಜನ ಬೇಕೆನ್ನುತ್ತಾರೆ, ಗೀರು ಬಿದ್ದಿದೆಯೇ ಎಂಬುದರ ಮೇಲೆ ನಿಂತಿದೆ. ಬೇಡಿಕೆ ಮತ್ತು ಪೂರೈಕೆ, ಇನ್ನೇನಿಲ್ಲ. ಫುಪ್ಪಿ ಪ್ರತಿ ಈದ್‌ಗೆ ಅದನ್ನು ಬೂದಿಯಿಂದ ತಿಕ್ಕಿ ಹೊಳೆಸಿದ್ದಾರೆ. ಸಂಗ್ರಾಹಕರು ಹಾಗೆ ತಿಕ್ಕಿದ ನಾಣ್ಯಕ್ಕೆ ಬೆಲೆ ಕಡಿಮೆ ಮಾಡುತ್ತಾರೆ. ಪ್ರೀತಿಯಿಂದ ಬೆಲೆ ಕಡಿಮೆಯಾಗುವ ವಸ್ತು ಇದೊಂದೇ ಇರಬೇಕು.

ನಾಲ್ಕನೆಯದು ಮೊಬೈಲಿನಲ್ಲಿ ಬಂದ ಬೆಲೆ: ಮೂರು ಲಕ್ಷ ರೂಪಾಯಿ! ಫುಪ್ಪಿಯ ಮಗ ನಾಣ್ಯದ ಫೋಟೋ ಹಾಕಿದ ಅರ್ಧ ಗಂಟೆಯೊಳಗೆ ಒಬ್ಬರು ವಾಟ್ಸಾಪಿನಲ್ಲಿ ಬಂದರು. ರಿಸರ್ವ್ ಬ್ಯಾಂಕಿನ ಲಾಂಛನವಿದ್ದ ಪತ್ರ ಕಳಿಸಿದರು. ಮೊದಲು 2,150 ರೂಪಾಯಿ ನೋಂದಣಿ ಶುಲ್ಕ ಕಳಿಸಿ, ಮೂರು ಲಕ್ಷ ಖಾತೆಗೆ ಬರುತ್ತದೆ ಎಂದರು. ಮನೆಯಲ್ಲಿ ಆ ರಾತ್ರಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಹದಿನೆಂಟು ಸಾವಿರ ಬೇಕಾದ ಮನೆಗೆ ಮೂರು ಲಕ್ಷ ಎಂದರೆ ಯಾರಿಗೆ ನಂಬಬೇಕು ಅನ್ನಿಸುವುದಿಲ್ಲ? ನಾನು ಬೆಳಿಗ್ಗೆ ಫುಪ್ಪಿಗೆ ಒಂದೇ ಪ್ರಶ್ನೆ ಕೇಳಿದೆ: "ಮೂರು ಲಕ್ಷ ಕೊಡುವವರು ಅದರಲ್ಲೇ ಎರಡು ಸಾವಿರ ಹಿಡಿದುಕೊಂಡು ಉಳಿದದ್ದು ಕೊಡಬಹುದಲ್ಲ, ನಮ್ಮಿಂದ ಯಾಕೆ ಕೇಳುತ್ತಾರೆ?" ಫುಪ್ಪಿ ಸುಮ್ಮನೆ ಸ್ವಲ್ಪ ಹೊತ್ತು ಕೂತು, ಮಗನ ಕೈಯಿಂದ ಮೊಬೈಲ್ ಇಸಿದುಕೊಂಡರು. ಅವರ ಓಣಿಯಲ್ಲೇ ಒಬ್ಬರು ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ಬರುತ್ತದೆಂದು ಮೊದಲು ಎರಡು ಸಾವಿರ, ಆಮೇಲೆ 'ತೆರಿಗೆ' ಎಂದು ಒಂಬತ್ತು ಸಾವಿರ ಕಳಿಸಿ ಕಳೆದುಕೊಂಡಿದ್ದರು ಎಂದು ನಮಗೆ ಆಮೇಲೆ ತಿಳಿಯಿತು. ನಾಚಿಕೆಯಿಂದ ಅವರು ಯಾರಿಗೂ ಹೇಳಿರಲಿಲ್ಲ.

ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದೇ ಇದರ ಬಗ್ಗೆ ಪ್ರಕಟಣೆ ಕೊಟ್ಟಿದೆ. ಹಳೆಯ ನೋಟು, ನಾಣ್ಯಗಳ ಮಾರಾಟದಲ್ಲಿ ತಾನು ಕೈ ಹಾಕುವುದಿಲ್ಲ, ಯಾರಿಂದಲೂ ಶುಲ್ಕ ಅಥವಾ ಕಮಿಷನ್ ಕೇಳುವುದಿಲ್ಲ, ತನ್ನ ಹೆಸರಿನಲ್ಲಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು. ದುಡ್ಡು ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಅದು ಸೈಬರ್ ವಂಚನೆಯ ಸಹಾಯವಾಣಿ. ಈ ಎರಡು ವಾಕ್ಯಗಳನ್ನು ನಿಮ್ಮ ಮನೆಯ ಹಿರಿಯರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ. ಉಳಿದ ಲೇಖನ ಓದದಿದ್ದರೂ ನಡೆಯುತ್ತದೆ.

ಕೊನೆಗೆ ಶುಲ್ಕ ಕಟ್ಟಿದ್ದು ಹೇಗೆ? ಫುಪ್ಪಿ ಎರಡು ಆಡು ಮಾರಿದರು. ಸಂತೆಯಲ್ಲಿ ಅರ್ಧ ಗಂಟೆಯೊಳಗೆ 15,000 ಬಂತು. ಉಳಿದ ಮೂರು ಸಾವಿರ ಸ್ವಸಹಾಯ ಸಂಘದಿಂದ. ಪುಸ್ತಕದಲ್ಲಿ ದ್ರವ್ಯತೆ ಎಂಬ ಮಾತಿದೆಯಲ್ಲ, ಒಂದು ಆಸ್ತಿ ಎಷ್ಟು ಬೇಗ, ಎಷ್ಟು ಕಡಿಮೆ ನಷ್ಟದಲ್ಲಿ ನಗದಾಗುತ್ತದೆ ಎಂಬುದು. ಬೆಳ್ಳಿ ನಾಣ್ಯಕ್ಕಿಂತ ಮೇಕೆಗೆ ದ್ರವ್ಯತೆ ಹೆಚ್ಚು ಎಂದು ಮಸ್ಕಿಯ ಸಂತೆ ಹೇಳುತ್ತದೆ. ಪರೀಕ್ಷೆಯಲ್ಲಿ ಈ ಉದಾಹರಣೆ ಬರೆದರೆ ಅಂಕ ಸಿಗುತ್ತದೋ ಇಲ್ಲವೋ, ಸರ್ ಅವರೇ ಹೇಳಬೇಕು.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಒಂದು ಕೊರತೆ ಕಾಣುತ್ತದೆ. ಆ ನಾಣ್ಯದ ಮೇಲಿನ ಮಗು ತೋಳಿನಲ್ಲಿ ಸುಮ್ಮನೆ ಇದೆ, ಆಡುತ್ತಿಲ್ಲ. 1959ರ ಘೋಷಣೆಯಲ್ಲೇ ಮಗುವಿಗೆ ಆಟಕ್ಕೆ ಪೂರ್ಣ ಅವಕಾಶ ಇರಬೇಕು ಎಂದಿದೆ. 1989ರ ಒಡಂಬಡಿಕೆಯ 31ನೇ ವಿಧಿ ಆಟವನ್ನು ಹಕ್ಕು ಎಂದೇ ಕರೆಯಿತು. ಭಾರತ 1992ರಲ್ಲಿ ಅದನ್ನು ಒಪ್ಪಿತು. 1982ರ ದೆಹಲಿ ಏಷ್ಯನ್ ಗೇಮ್ಸ್‌ಗೆ ನಾಣ್ಯ ಬಂತು, 2010ರ ಕಾಮನ್‌ವೆಲ್ತ್ ಗೇಮ್ಸ್‌ಗೂ ಬಂತು. ಕಝಾಕಿಸ್ತಾನದವರು ತಮ್ಮ ಕುದುರೆ ಸವಾರಿಯ ಕೋಕ್ಪಾರ್ ಆಟವನ್ನು ಬೆಳ್ಳಿಯ ಮೇಲೆ ಅಚ್ಚು ಹಾಕಿದ್ದಾರೆ. ನಮ್ಮ ಲಗೋರಿ, ಗಿಲ್ಲಿ-ದಾಂಡು, ಬುಗುರಿ, ಕುಂಟೆಬಿಲ್ಲೆಗಳೂ ಹಾಗೆ ಒಂದು ನಾಣ್ಯ ಏರಬಾರದೇ?

ಒಂದನ್ನು ಆರಿಸು ಎಂದರೆ ನಾನು ಚೌಕಾಬಾರ ಆರಿಸುತ್ತೇನೆ, ಅದಕ್ಕೆ ವಾಣಿಜ್ಯದ ಕಾರಣವೇ ಇದೆ. ಐದು ಸಾಲು, ಐದು ಮನೆ, ನಾಲ್ಕು ಕವಡೆ. ನಮ್ಮ ಓಣಿಯಲ್ಲಿ ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕು ಮನೆ. ಬೋರಲು ಬಿದ್ದರೆ ಬಾರಾ. ಉರ್ದುವಿನಲ್ಲಿ ಬಾರಾ ಎಂದರೆ ಹನ್ನೆರಡು, ಆದರೆ ಆಟದಲ್ಲಿ ಎಣಿಸುವುದು ಎಂಟು. ಈ ಬಗ್ಗೆ ಚಿಕ್ಕಂದಿನಿಂದ ನನಗೂ ನನ್ನ ಕನ್ನಡ ಮನೆಯ ಗೆಳೆಯರಿಗೂ ಜಗಳ. ಆ ಕವಡೆ ಒಂದು ಕಾಲಕ್ಕೆ ನಿಜವಾದ ಹಣ. ಮಾಲ್ಡೀವ್ಸ್ ದ್ವೀಪಗಳಿಂದ ಹಡಗಿನಲ್ಲಿ ಬಂಗಾಳಕ್ಕೆ ಹೋಗಿ ಅಕ್ಕಿಗೆ ಬದಲಾಗುತ್ತಿತ್ತು ಎಂದು ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತಾ ಬರೆದಿದ್ದಾರೆ. ಬಂಗಾಳ, ಒಡಿಶಾಗಳಲ್ಲಿ ಅದು ಹತ್ತೊಂಬತ್ತನೇ ಶತಮಾನದವರೆಗೂ ಓಡಿತು. ಕೊಳೆಯುವುದಿಲ್ಲ, ಎಣಿಸಲು ಸುಲಭ, ಖೋಟಾ ಮಾಡಲು ಆಗುವುದಿಲ್ಲ. ಒಳ್ಳೆಯ ಹಣಕ್ಕೆ ಇರಬೇಕಾದ ಗುಣಗಳ ಪಟ್ಟಿಯನ್ನು ಪುಸ್ತಕದಿಂದ ತೆಗೆದು ಕವಡೆಯ ಪಕ್ಕದಲ್ಲಿಟ್ಟು ನೋಡಿ. ರೂಪಾಯಿ ಬಂದ ಮೇಲೆ ಕವಡೆ ಮಾರುಕಟ್ಟೆ ಬಿಟ್ಟು ಆಟದ ಮನೆಗೆ ಬಂದು ಕುಳಿತಿದೆ, ಭಾಷೆಯಲ್ಲೂ ಉಳಿದಿದೆ. ನಮ್ಮ ಮನೆಯಲ್ಲಿ ಕೈ ಖಾಲಿಯಾದರೆ "ಫೂಟೀ ಕೌಡೀ ನಹೀಂ" ಅನ್ನುತ್ತಾರೆ. ಓಣಿಯಲ್ಲಿ "ಕವಡೆ ಕಾಸಿನ ಕಿಮ್ಮತ್ತಿಲ್ಲ" ಅನ್ನುತ್ತಾರೆ. ಎರಡು ಭಾಷೆಯ ಬಡತನಕ್ಕೂ ಒಂದೇ ನಾಣ್ಯ.

ವಾಣಿಜ್ಯ ವಿಭಾಗದ ನಾವು ಕೆಲವರು ಒಂದು ಕೆಲಸ ಮಾಡಬೇಕೆಂದಿದ್ದೇವೆ. ನಿಮ್ಮ ಮನೆಯಲ್ಲಿ ಹಾಲಿ ಸಿಕ್ಕಾ, ಕಲ್ದಾರ್ ರೂಪಾಯಿ, ಮಕ್ಕಳ ವರ್ಷದ ಐದು ಪೈಸೆ, ಹತ್ತು ಪೈಸೆ ಇದ್ದರೆ ಹಿರಿಯರನ್ನು ಕೇಳಿ ಒಂದು ದಿನಕ್ಕೆ ತನ್ನಿ. ಭೌತಶಾಸ್ತ್ರ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿ, ಪೆನ್ಸಿಲ್ ಉಜ್ಜಿ ಎರಡೂ ಮುಖದ ಚಿತ್ರ ತೆಗೆದುಕೊಂಡು ಅಂದೇ ವಾಪಸು ಕೊಡುತ್ತೇವೆ. ತೊಳೆಯಬೇಡಿ, ತಿಕ್ಕಬೇಡಿ, ಹೇಗಿದೆಯೋ ಹಾಗೇ ತನ್ನಿ. ಯಾರ ಮನೆಯ ನಾಣ್ಯಕ್ಕೂ ನಾವು ಬೆಲೆ ಕಟ್ಟುವುದಿಲ್ಲ, ಶುಲ್ಕವನ್ನಂತೂ ಕೇಳುವುದೇ ಇಲ್ಲ.